ಗೇಟಿನ ಜೊತೆ ಬೀಗವೂ ತೆರೆಯಲಿ

ಮಾನ್ಯ ಸಂಪಾದಕರೇ,

ಕಳೆದ ಏಪ್ರಿಲ್ 18, ವಿಶ್ವ ಪರಂಪರೆ ದಿನ. ಮಕ್ಕಳಿಗೆ ಬೇಸಿಗೆ ರಜೆ ಬೇರೆ. ನಮ್ಮ ಬೀದಿಯ ಏಳು ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ನಮ್ಮ ಜಿಲ್ಲೆಯದೇ ಒಂದು ಹಳೇ ಕಟ್ಟಡ ನೋಡಲು ಹೋಗಿದ್ದೆ. ಯಾವ ಕಟ್ಟಡ ಅಂತ ಹೆಸರು ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ.

ಗೇಟಿಗೆ 'ಇಂದು ಪ್ರವೇಶ ಉಚಿತ' ಅಂತ ಬ್ಯಾನರ್ ಕಟ್ಟಿದ್ದರು. ಒಳಗೆ ಹೋಗಿ ಅಂಗಳ ಸುತ್ತಿದೆವು. ಮರದ ಮೆಟ್ಟಿಲ ಹತ್ತಿರ ಬಂದರೆ ಮೇಲಿನ ಬಾಗಿಲಿಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಮೀಟಿಂಗಿಗೆ ಹೋಗಿದ್ದಾರೆ ಅಂತ ಕಾವಲಿನವರು ಹೇಳಿದರು. ಪಾಪ, ಅವರದೇನೂ ತಪ್ಪಿಲ್ಲ. ಮಕ್ಕಳನ್ನು ನೆರಳಲ್ಲಿ ಕೂರಿಸಿ ಕುಡಿಯಲು ನೀರು ಕೊಟ್ಟರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕೂತು, "ಟೀಚರ್, ಮೇಲೆ ಏನಿದೆ?" ಅಂತ ಕೇಳಿದಳು. 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಆ ಕಟ್ಟಡಕ್ಕೆ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಮೇಲೆ ಏನಿದೆ ಅಂತ ನನಗೂ ಗೊತ್ತಿರಲಿಲ್ಲ. ಅವಳಿಗೆ ಹಾಗೇ ಹೇಳಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಬಹಳ ಬೇಜಾರಾಯಿತು.

ನಮ್ಮ ಕಡೆ ಟಿಕೆಟ್ ಒಂದು ದೊಡ್ಡ ವಿಷಯವೇ ಅಲ್ಲ. ಅವತ್ತು ಹಂಪಿಯ ವಿಠ್ಠಲ ಗುಡಿಗೆ ಟಿಕೆಟ್ ಇಲ್ಲ ಅಂದರೆ ಜನಕ್ಕೆ ಅನುಕೂಲವೇ. ಇಕ್ಕೇರಿಗೆ, ಕೆಳದಿಯ ಗುಡಿಗೆ, ಬಿದನೂರು ನಗರದ ಕೋಟೆಗೆ ಯಾವತ್ತು ದುಡ್ಡು ಕೊಟ್ಟು ಹೋಗಿದ್ದೇವೆ ಹೇಳಿ? ಇಲ್ಲಿ ಬೇಕಾಗಿರುವುದು ಬೀಗ ತೆಗೆಯುವವರು, ಪಕ್ಕದಲ್ಲಿ ನಿಂತು ನಾಲ್ಕು ಮಾತು ಹೇಳುವವರು.

ಹೇಳುವವರಿದ್ದರೆ ಏನಾಗುತ್ತದೆ ಅಂತ ಮರುವಾರವೇ ನೋಡಿದೆ. ಅದೇ ಏಳು ಮಕ್ಕಳ ಜೊತೆ ಇಕ್ಕೇರಿಯ ಅಘೋರೇಶ್ವರ ಗುಡಿಗೆ ಹೋದೆ. ಸಾಗರದಿಂದ ಕೂಗಳತೆ ದೂರ, ಹಾಗಾಗಿ ಮಕ್ಕಳೆಲ್ಲ ಮೊದಲೇ ನೋಡಿದ್ದರು. "ಇದೇನು ಟೀಚರ್, ಇಕ್ಕೇರಿನಾ?" ಅಂತ ಮುಖ ಸಣ್ಣ ಮಾಡಿದರು. ಒಳಗೆ ನಡುವಿನ ಕಂಬಗಳ ಹತ್ತಿರ ನಿಲ್ಲಿಸಿ, ಚೀಲದಿಂದ ಹಗ್ಗ ತೆಗೆದೆ. ಈ ಕಂಬದಿಂದ ಆ ಕಂಬಕ್ಕೆ ಹಿಡಿಯಿರಿ ಅಂದೆ. ಇಬ್ಬರು ಹುಡುಗರು ಬಿಗಿಯಾಗಿ ಹಿಡಿದು ನಿಂತರು. ಕೆಳದಿ ಅರಸರ ಕಾಲದಲ್ಲಿ ಈ ಎರಡು ಕಂಬಗಳ ನಡುವಿನ ದೂರವೇ ತೋಟ ಅಳೆಯುವ ಅಳತೆಯಾಗಿತ್ತು. ಈಗಿನ ಲೆಕ್ಕದಲ್ಲಿ 18 ಅಡಿ 6 ಇಂಚು. ಅಷ್ಟುದ್ದದ ಕೋಲು ಮಾಡಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಆ ಅಳತೆಯ ಜಾಗಕ್ಕೆ ದಾಯ ಅಂತ ಹೆಸರು. ಒಂದು ದಾಯಕ್ಕೆ ನಾಲ್ಕು ಅಡಿಕೆ ಮರ. ಶಿವಪ್ಪ ನಾಯಕನ ಶಿಸ್ತು ಅಂತ ಪಾಠದಲ್ಲಿ ಉರು ಹೊಡೆಸುತ್ತೇವಲ್ಲ, ಆ ಕಂದಾಯದ ಲೆಕ್ಕದ ಬೇರು ಇಂಥ ಅಳತೆಗಳಲ್ಲಿದೆ.

ಆ ಮಕ್ಕಳಲ್ಲಿ ನಾಲ್ವರ ಮನೆಯಲ್ಲಿ ಅಡಿಕೆ ತೋಟವಿದೆ. ಒಬ್ಬ ಹುಡುಗ ಹಗ್ಗಕ್ಕೆ ಎರಡೂ ಕಡೆ ಗಂಟು ಹಾಕಿ, "ಇದು ನಂಗೆ ಬೇಕು, ನಮ್ಮ ತೋಟದಲ್ಲಿ ಹಿಡಿದು ನೋಡ್ತೀನಿ" ಅಂತ ತೆಗೆದುಕೊಂಡು ಹೋದ. ಆಮೇಲೆ ನೆಲದ ಮೇಲೆ ಕೆತ್ತಿದ ಕೆಳದಿ ನಾಯಕರನ್ನು ತೋರಿಸಿದೆ. ದೇವರಿಗೆ ಕೈಮುಗಿದ ಮೂವರು. ಅವರಲ್ಲಿ ಒಬ್ಬನ ಕೈಕಾಲಿಗೆ ಸಂಕೋಲೆ. ಅವನು ಹುಚ್ಚ ಸೋಮ. ರಾಜನಿಗೆ ಯಾಕೆ ಸಂಕೋಲೆ ಅಂತ ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದರು. ಇಷ್ಟು ದಿನ ಅವರೆಲ್ಲ ಅದೇ ನೆಲದ ಮೇಲೆ ಓಡಾಡಿದವರೇ ಅಲ್ವಾ?

ಕಂಬದ ಅಳತೆ ನನಗೆ ಯಾವ ಪುಸ್ತಕದಿಂದಲೂ ಮೊದಲು ಗೊತ್ತಾಗಿದ್ದಲ್ಲ. ನಮ್ಮಪ್ಪ ತೋಟದವರು. ನಾನು ಹುಡುಗಿಯಾಗಿದ್ದಾಗ ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಹೇಳಿದ್ದರು. ಹಳೇ ಮೈಸೂರು ಗೆಜೆಟಿಯರ್‌ನಲ್ಲೂ ಇದು ಇದೆ ಅಂತ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಇಂಥ ಅಪ್ಪಂದಿರು ಊರೂರಲ್ಲೂ ಇದ್ದಾರೆ. ಅವರಿಗೆ ನಿಂತು ಹೇಳಲು ಒಂದು ದಿನ, ಒಂದು ಜಾಗ ಮಾಡಿಕೊಡಬೇಕು.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಹೋಗಿದ್ದೆ. ಸೆಪ್ಟೆಂಬರಿನಲ್ಲಿ ಅಲ್ಲಿ ಹತ್ತು ದಿನ 'ಹೆರಿಟೇಜ್ ಓಪನ್ ಡೇಸ್' ಅಂತ ನಡೆಯುತ್ತದೆ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಪದ್ಧತಿ ಇದು. ಆಮೇಲೆ ಯುರೋಪಿನ ಬೇರೆ ದೇಶಗಳಿಗೂ ಹರಡಿತು, 1994ರಲ್ಲಿ ಇಂಗ್ಲೆಂಡಿಗೆ ಬಂತು. ದುಡ್ಡಿಲ್ಲದೆ ಒಳಗೆ ಬಿಡುತ್ತಾರೆ, ಅದು ಸರಿ. ಅದಕ್ಕಿಂತ ಹೆಚ್ಚಾಗಿ, ವರ್ಷವಿಡೀ ಮುಚ್ಚಿರುವ ಜಾಗಗಳನ್ನು ಆ ದಿನಗಳಲ್ಲಿ ತೆರೆಯುತ್ತಾರೆ. ಮಗಳ ಮನೆ ಹತ್ತಿರದ ಸಣ್ಣ ಚರ್ಚಿನ ಗೋಪುರಕ್ಕೆ ನಾನೂ ಹತ್ತಿದೆ. ಅಲ್ಲಿ ನಿಂತಿದ್ದವರು ಒಬ್ಬ ನಿವೃತ್ತ ಬಸ್ ಡ್ರೈವರ್. ಸಂಬಳ ಗಿಂಬಳ ಏನೂ ಇಲ್ಲ, ತಮ್ಮ ಊರು ಅಂತ ಬಂದು ನಿಂತವರು. ಗೋಪುರದ ಗಡಿಯಾರಕ್ಕೆ ಕೈಯಲ್ಲೇ ಕೀ ಕೊಡಬೇಕಂತೆ. ಹಿಡಿ ನನ್ನ ಕೈಗೆ ಕೊಟ್ಟರು. ಬಾವಿಯಿಂದ ತುಂಬಿದ ಕೊಡ ಸೇದಿದಷ್ಟೇ ಭಾರ. ನಾನು ತಿರುಗಿಸಿದ ಹಾಗೆ ಕೆಳಗೆ ಕತ್ತಲಿನಿಂದ ಕಬ್ಬಿಣದ ಗುಂಡೊಂದು ಮೆಲ್ಲಗೆ ಮೇಲೆ ಬಂತು. ಆ ಊರಿನ ಹೆಸರು ಹೇಳಲು ನನಗೆ ಈಗಲೂ ನಾಲಿಗೆ ತೊಡರುತ್ತದೆ. ಗಡಿಯಾರ ಮಾತ್ರ ನನ್ನದೇ ಅನ್ನಿಸಿಬಿಟ್ಟಿದೆ.

ಇಂಥ ಎರಡು ದಿನ ನಮ್ಮ ಮಲೆನಾಡಿಗೂ ಬೇಕು. ನವೆಂಬರ್ 19ರಿಂದ 25ರವರೆಗೆ ಹೇಗೂ ವಿಶ್ವ ಪರಂಪರೆ ಸಪ್ತಾಹ. ಅದರೊಳಗೆ ಬರುವ ಶನಿವಾರ, ಭಾನುವಾರ ಸಾಕು. ಮಳೆ ನಿಂತಿರುತ್ತದೆ, ಜಾರುವ ಪಾಚಿ ಒಣಗಿರುತ್ತದೆ, ಶಾಲೆಗಳೂ ನಡೆಯುತ್ತಿರುತ್ತವೆ. ಅಡಿಕೆ ಗೊನೆ ಕೊಯ್ಲಿನ ಕಾಲ ಅಂತ ತೋಟದವರಿಗೆ ಕಷ್ಟವಾಗಬಹುದು. ಆದರೂ ಏಪ್ರಿಲ್‌ಗಿಂತ ಇದೇ ವಾಸಿ. ರಜೆಯಲ್ಲಿ ಮಕ್ಕಳು ಅಜ್ಜನ ಮನೆ ಸೇರಿರುತ್ತಾರೆ.

ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಅಂಗಳದಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕೆಳಗಿನಿಂದ ಮೇಲೆ ಓದಬೇಕು ಅಂತ ಹೇಳಲು ಒಬ್ಬ ಕಾಲೇಜು ಹುಡುಗ ನಿಂತರೂ ಸಾಕು. ಕೆಳದಿಯ ಮ್ಯೂಸಿಯಂನಲ್ಲಿ ತಿಗಳಾರಿ ಅನ್ನುವ ಹಳೇ ಲಿಪಿಯ ತಾಳೆಗರಿಗಳಿವೆ. ಬಲ್ಲವರೊಬ್ಬರು ಒಂದೇ ಒಂದು ಸಾಲು ಗಟ್ಟಿಯಾಗಿ ಓದಲಿ. ಇಕ್ಕೇರಿಯ ಕಲ್ಲಿನ ಕುಸುರಿಯ ಬಗ್ಗೆ ಗಂಧದ ಮರ ಕೆತ್ತುವ ನಮ್ಮ ಸಾಗರದ ಗುಡಿಗಾರರು ಮಾತಾಡಿದರೆ ಹೇಗಿರುತ್ತದೆ! ಉಳಿ ಹಿಡಿದ ಕೈಗೆ ಕಾಣುವುದು ನನ್ನಂಥವಳಿಗೆ ಕಾಣುವುದಿಲ್ಲ.

ಇನ್ನು ನಮ್ಮ ಚೌಕಿ ಮನೆಗಳು. ಕುಪ್ಪಳಿಯ ಕವಿಮನೆಗೆ ಹೋದವರೆಲ್ಲ ಕಂಬ ಮುಟ್ಟಿ, ತೊಟ್ಟಿಯ ಅಂಗಳದಲ್ಲಿ ನಿಂತು ಆಕಾಶ ನೋಡಿ ಬರುತ್ತಾರೆ. ಕುವೆಂಪು ಅವರ ಮನೆ ಉಳಿಯಿತು. ಅಂಥ ಬೇರೆ ಮನೆಗಳು ಒಂದೊಂದಾಗಿ ಬಿಚ್ಚಿ ಹೋಗುತ್ತಿವೆ. ಕಂಬ ಬಾಗಿಲುಗಳನ್ನು ಲಾರಿಗೆ ಹೇರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊಸನಗರ ತಾಲೂಕಿನ ನನ್ನ ತವರುಮನೆ ಇನ್ನೂ ಹಾಗೇ ಇದೆ. ಎರಡು ದಿನ ಜನರಿಗೆ ತೋರಿಸೋಣವಾ ಅಂತ ಅಣ್ಣನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಜಗುಲಿ, ಚೌಕಿ, ಭತ್ತ ತುಂಬುವ ಪಣತ ನೋಡಲಿ. ದೇವರ ಮನೆ, ಅಡುಗೆ ಮನೆ ಬೇಡ. ಮೆತ್ತಿನ (ಮಹಡಿಯ) ಹಲಗೆ ಹಳೇದು, ಒಂದು ಸಲಕ್ಕೆ ಐದೇ ಜನ ಹತ್ತಬೇಕು. ಬಂದವರಿಗೆ ಮಜ್ಜಿಗೆ ಕೊಡುವಾ" ಅಂದರು. ಎಲ್ಲ ಮಾಲೀಕರಿಗೂ ಇದೇ ತರ ಚಿಂತೆಗಳಿರುತ್ತವೆ. ಅವರು ಹಾಕುವ ಷರತ್ತು ನಾವು ಒಪ್ಪಲೇಬೇಕು. ಮನೆಗಳ ಹೆಸರು, ಬರುವವರ ಸಂಖ್ಯೆ ಮೊದಲೇ ಗೊತ್ತಾದರೆ ಯಾರಿಗೂ ತೊಂದರೆಯಾಗದು. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆ ಮೇಲೆ ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುವ ಅಮ್ಮಂದಿರಿದ್ದಾರೆ. ಅವರು ಒಪ್ಪಿದರೆ ಅವರ ಗೋಡೆಯೂ ಈ ಪಟ್ಟಿಯಲ್ಲಿರಲಿ. ಅವರ ದಿನದ ಕೂಲಿ ಮಾತ್ರ ತಪ್ಪಬಾರದು.

ಜಿಲ್ಲಾಡಳಿತಕ್ಕೂ ಪುರಾತತ್ವ ಇಲಾಖೆಯವರಿಗೂ ನನ್ನ ಕೋರಿಕೆ ಇಷ್ಟೇ. ಯಾವ ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಕ್ಟೋಬರ್ ಒಳಗೆ ಒಂದು ಪಟ್ಟಿ ಮಾಡಿ. ಆ ಎರಡು ದಿನ ಅವರಿಗೆ ಮೀಟಿಂಗ್ ಇಡಬೇಡಿ. ವೇದಿಕೆ, ಶಾಮಿಯಾನ, ಹಾರ ತುರಾಯಿ ಬೇಡ. ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಸಂಜೆ ವಾಪಸ್ ಬರಲು ಒಂದು ಬಸ್ಸು ಇದ್ದರೆ ಬೇಕಾದಷ್ಟಾಯಿತು.

ಇಕ್ಕೇರಿಯಲ್ಲಿ ಎರಡೂ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಿಲ್ಲಲು ನಾನು ತಯಾರಿದ್ದೇನೆ. ನನ್ನ ಇಬ್ಬರು ಹಳೇ ವಿದ್ಯಾರ್ಥಿಗಳೂ ಬರುತ್ತೇವೆ ಅಂದಿದ್ದಾರೆ. ಹಗ್ಗ ನಾವೇ ತರುತ್ತೇವೆ.

ಇಂತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಸಾಗರ