ಕೋಡಿಕ್ಕರೈಗೆ ಹೋಗಿಬಂದ ಗೆಳೆಯನಿಗೆ

ಪ್ರೀತಿಯ ಮಂಜ,

ನೀನು ತಮಿಳುನಾಡಿನ ಕರಾವಳಿಯ ಕೋಡಿಕ್ಕರೈಯಿಂದ ಕಳಿಸಿದ ರಾಜಹಂಸಗಳ ಫೋಟೊ ಮನೆಮಂದಿಯೆಲ್ಲ ನೋಡಿದರು. ಅಮ್ಮ ಫೋನ್ ಕೆಳಗಿಡಲೇ ಇಲ್ಲ. ರೆಕ್ಕೆ ಬಿಚ್ಚಿದಾಗ ಕಾಣುವ ಆ ಕೆಂಪು, ಅಂಚಿನ ಕಪ್ಪು! ನಿಂತ ಹಕ್ಕಿಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಅಲ್ವಾ ಎಲ್ಲರೂ ಹಾರುವ ಚಿತ್ರಕ್ಕೆ ಕಾಯುವುದು?

ಒಂದು ಕೇಳಲಾ? ಅವು ತಾವಾಗಿಯೇ ಎದ್ದವಾ, ಯಾರಾದರೂ ಎಬ್ಬಿಸಿದರಾ? ನಿನ್ನ ಮೇಲೆ ಅನುಮಾನವಿಲ್ಲ ಮಾರಾಯ. ಆದರೆ ಅಷ್ಟೊಂದು ಕ್ಯಾಮೆರಾಗಳು ಸೇರಿದ ಕಡೆ "ಇನ್ನೂ ಸ್ವಲ್ಪ ಹತ್ತಿರ ಹೋಗೋಣ" ಅನ್ನುವವರು ಇದ್ದೇ ಇರುತ್ತಾರೆ. ಅಲ್ಲಿಗೆ ಚಳಿಗಾಲದಲ್ಲಿ ಬರುವ ಪುಟ್ಟ ಉಲ್ಲಂಕಿ ಹಕ್ಕಿಗಳು ಸೈಬೀರಿಯಾದ ಕಡೆಯವು. ವಾಪಸ್ ಹೊರಡುವ ಮೊದಲು ಕೆಸರಿನ ಹುಳ ಹೆಕ್ಕಿ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ದಾರಿಯ ಬುತ್ತಿ ಅದು. ಸುಮ್ನೆ ಎಬ್ಬಿಸಿದಾಗೆಲ್ಲ ಅದೇ ಬುತ್ತಿ ಕರಗುತ್ತದೆ. ಕೃಷ್ಣಮೃಗಕ್ಕೆಂದು 1967ರಲ್ಲಿ ಅಭಯಾರಣ್ಯವಾದ ಜಾಗ, 2002ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಆದರೂ ಹಕ್ಕಿಗೆ ನೆಮ್ಮದಿ ಕೊಡಬೇಕಾದವರು ಕೊನೆಗೆ ನಾವೇ, ನೋಡಲು ಹೋದವರು.

ಮೊನ್ನೆ ಶಿರಾ ಪಕ್ಕದ ಕಗ್ಗಲಡುಗೆ ಹೋಗಿದ್ದೆ. ಊರೊಳಗಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆ, ಬೂದು ಬಕ. ಕೆಳಗೆ ಟ್ರ್ಯಾಕ್ಟರ್ ಹೋಗುತ್ತದೆ, ಮಕ್ಕಳು ಕಿರುಚಾಡುತ್ತಾರೆ, ಮೇಲೆ ಒಂದೂ ಕದಲುವುದಿಲ್ಲ. ಬೆಳೆದ ಕೊಕ್ಕರೆಗೆ ಕೂಗು ಇಲ್ಲವೆಂದೇ ಹೇಳಬೇಕು, ಕೊಕ್ಕು ಕಟಕಟ ಬಡಿಯುತ್ತದೆ ಅಷ್ಟೆ. ಗದ್ದಲವೆಲ್ಲ ಮರಿಗಳದ್ದು. ಬಿಸಿಲು ಏರಿದಂತೆ ತಾಯಿ ಗೂಡಿನ ಮೇಲೆ ನಿಂತು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿತು. ಆ ಹೊತ್ತಲ್ಲಿ ಅದು ಹೆದರಿ ಹಾರಿಹೋದರೆ ಮರಿಗಳು ಬಿಸಿಲಿಗೆ ಬೇಯುತ್ತವೆ. ಹಿಕ್ಕೆ, ಮೀನಿನ ನಾತ ಎಲ್ಲ ಸಹಿಸಿಕೊಂಡು ಆ ಮರಗಳನ್ನು ಉಳಿಸಿಕೊಂಡ ಊರಿನವರ ಮೇಲೆ ನನಗೆ ತುಂಬ ಗೌರವ. ಕ್ಯಾಮೆರಾ ಹಿಡಿದ ನಮಗಿಂತ ಅವರೇ ದೊಡ್ಡವರು. ಇದನ್ನು ಓದುತ್ತಿರುವ ಉಳಿದ ಗೆಳೆಯರೂ ಅಲ್ಲಿಗೆ ಹೋದರೆ ದೂರವೇ ನಿಲ್ಲಿ, ದಯವಿಟ್ಟು.

ಇಷ್ಟು ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಆವತ್ತು ಆ ನೆರಳನ್ನು ನೋಡುತ್ತ ಕೂತಾಗ ಇನ್ನೊಂದು ಹೊಳೆಯಿತು. ಶಟರ್ ಒತ್ತುವಾಗ ನನ್ನ ತಲೆಯಲ್ಲಿ ಹಕ್ಕಿಗಿಂತ ಜಾಸ್ತಿ ನೀನೇ ಇರುತ್ತೀಯ. ನೀನು ಊರು ಬಿಟ್ಟ ಮೇಲೆ ನಾವು ಮಾತಾಡುವುದೆಲ್ಲ ಫೋಟೊ ನೆಪದಲ್ಲೇ. ಚೆನ್ನಾಗಿರುವ ಒಂದು ಫೋಟೊ ಸಿಗದಿದ್ದರೆ ಆ ವಾರ ಫೋನೂ ಇಲ್ಲ. ಹಕ್ಕಿಗಳು ಇಲ್ಲದಿದ್ದರೆ ನಮ್ಮಿಬ್ಬರ ನಡುವೆ ಏನು ಉಳಿಯುತ್ತದೆ ಅಂತ ಹೆದರಿಕೆಯಾಯಿತು ಕಣೋ. ಅಪ್ಪ ತೀರಿಕೊಂಡ ವರ್ಷ ನಾನು ನಿನ್ನ ಹತ್ತಿರ ಹೇಳಬೇಕಿದ್ದ ಮಾತುಗಳೂ ಇನ್ನೂ ಹಾಗೇ ಇವೆ.

ಸಾಕು ಬಿಡು, ಉಳಿದದ್ದು ಎದುರಿಗೇ. ಮುಂದಿನ ತಿಂಗಳು ಬಾ. ಲೆನ್ಸ್ ಚೀಲ ಮನೆಯಲ್ಲೇ ಇರಲಿ, ಬೈನಾಕ್ಯುಲರ್ ಒಂದು ಸಾಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಡೋಣ. ದುಡ್ಡು ನೀನೇ ಕೊಡಬೇಕು. ಬೆಳ್ಳಾವಿ ಗೂಬೆಯ ಕಥೆಯನ್ನು ಮಾತ್ರ ಬಸ್ಸಲ್ಲಿ ಶುರು ಮಾಡಬೇಡ, ನಕ್ಕು ನಕ್ಕು ಇಳಿಯುವ ಸ್ಟಾಪ್ ದಾಟಿಹೋಗುತ್ತದೆ.

ನಿನ್ನ,
ರವಿ, ತುಮಕೂರು