ಕಂಪ್ಯೂಟರ್ ಬದಲಿಸುವ ಮುಂಚೆ ಫೈಲ್ ಬದಲಿಸಿ

ಸಂಪಾದಕರಿಗೆ,

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅವತ್ತಿನಿಂದ ನಮ್ಮೂರಿನಲ್ಲಿ ಕಂಪ್ಯೂಟರ್ ಮಾರುವವರಿಗೆ ಸುಗ್ಗಿ. ‘ನಿಮ್ಮದು ಹನ್ನೊಂದಕ್ಕೆ ಹೋಗಲ್ಲ ಸಾರ್, ಹೊಸದೇ ತಗೊಳ್ಳಿ’ ಅನ್ನುವ ಮಾತು ಎಲ್ಲ ಕಡೆ ಕೇಳುತ್ತಿದೆ. ಶಾಲೆ ಮೇಷ್ಟ್ರು, ಸೊಸೈಟಿ ಕಾರ್ಯದರ್ಶಿ, ಕೊಬ್ಬರಿ ಮಂಡಿಯ ಗುಮಾಸ್ತರು ನನ್ನ ಅಂಗಡಿಗೆ ಬಂದು ‘ನಿಜಾನಾ?’ ಎಂದು ಕೇಳುತ್ತಾರೆ. ತಿಪಟೂರಿನಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಸಂಘಗಳ ವಾರ್ಷಿಕ ವರದಿ, ಇವೇ ನನ್ನ ಊಟ.

ಅರ್ಧ ನಿಜ ಎಂದು ಹೇಳುತ್ತೇನೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅದು ಬಂದಿದ್ದು 2017ರಲ್ಲಿ. ಅದಕ್ಕಿಂತ ಹಳೆಯದಾದರೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಲೆಕ್ಕಕ್ಕಿಲ್ಲ. ನನ್ನ ಅಂಗಡಿಯ ಐ3 ಆರನೇ ತಲೆಮಾರಿನದು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿದ್ದೇನೆ, ಚೆನ್ನಾಗಿ ಓಡುತ್ತದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ತೆಗೆದು, ಅದರ ಜಾಗದಲ್ಲಿ ಕಂಪ್ಯೂಟರ್ ನಡೆಸುವ, ಬಿಟ್ಟಿಯಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ.

ಲಿನಕ್ಸ್ ಅಂದರೆ ಕಪ್ಪು ಪರದೆ ಮೇಲೆ ಏನೋ ಟೈಪ್ ಮಾಡುತ್ತಾ ಕೂರಬೇಕು ಎಂದು ಇನ್ನೂ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಮಿಂಟ್ ನೋಡಲು ಹಳೇ ವಿಂಡೋಸ್ 7ರ ಥರಾನೇ ಇದೆ. ನನಗಿದ್ದ ಅಂಜಿಕೆ ಕನ್ನಡ ಟೈಪಿಂಗ್‌ದು. ನಮ್ಮ ಬೆರಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಬೋರ್ಡಿಗೆ ಒಗ್ಗಿಹೋಗಿದೆ. ಕೆ ಒತ್ತಿದರೆ ಕ, ಒತ್ತಕ್ಷರ ಬೇಕಾದರೆ ನಡುವೆ ಎಫ್. ನೋಡಿದರೆ ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಭಾರತದ ಕೆಳಗೆ ಇದೇ ಜೋಡಣೆ ‘ಕನ್ನಡ, ಕಗಪ’ ಎಂಬ ಹೆಸರಿನಲ್ಲಿ ಇದೆ. ಬೇರೆ ತಂತ್ರಾಂಶ ಇಳಿಸಿಕೊಳ್ಳುವ ಕೆಲಸವೇ ಇಲ್ಲ. ಗುಬ್ಬಿ, ನವಿಲು ಎಂಬ ಫಾಂಟುಗಳೂ ಬಿಟ್ಟಿಯಾಗಿ ಸಿಗುತ್ತವೆ. ಪತ್ರ, ಅರ್ಜಿ, ಲೆಕ್ಕದ ಪಟ್ಟಿ ಎಲ್ಲ ಲಿಬ್ರೆ ಆಫೀಸ್‌ನಲ್ಲೇ ಆಗುತ್ತದೆ. ಜೆರಾಕ್ಸ್ ಕೌಂಟರಿನ ಕೆಲಸ ಈಗ ಪೂರ್ತಿ ಅದರಲ್ಲೇ.

‘ಲಿನಕ್ಸ್ ಬಿಟ್ಟಿ, ವಿಂಡೋಸ್‌ಗೆ ದುಡ್ಡು’ ಎಂದು ಬರೆಯುವವರು ನಮ್ಮಂಥ ಊರು ನೋಡಿಲ್ಲ ಅನ್ನಿಸುತ್ತದೆ. ಇಲ್ಲಿ ಎರಡೂ ಬಿಟ್ಟಿನೇ ಅಲ್ವಾ? ರಿಪೇರಿ ಹುಡುಗನಿಗೆ ಐನೂರು ರೂಪಾಯಿ ಕೊಟ್ಟರೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ಕ್ರ್ಯಾಕ್ ಮಾಡಿದ್ದು ಹಾಕಿಕೊಡುತ್ತಾನೆ. ಕ್ರ್ಯಾಕ್ ಬಿದ್ದುಹೋದೀತು ಎಂದು ಅಪ್‌ಡೇಟ್ ಆಫ್ ಮಾಡುತ್ತಾನೆ. ಆಮೇಲೆ ಗಿರಾಕಿ ತಂದ ಪೆನ್‌ಡ್ರೈವಿನಿಂದ ವೈರಸ್ ಬಂದು, ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂರುತ್ತವೆ. ನಮ್ಮ ಕಡೆ ವಿಂಡೋಸ್‌ಗೆ ಬೆಲೆ ತೆರುವುದು ಹೀಗೆ.

ಇಷ್ಟೆಲ್ಲ ಹೇಳಿ, ಒಳಗಿನ ಕೋಣೆಯಲ್ಲಿರುವ ನನ್ನ ಇನ್ನೊಂದು ಯಂತ್ರ ಈಗಲೂ ವಿಂಡೋಸೇ. ಅದನ್ನು ಕಟ್ಟಿಹಾಕಿರುವುದು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್. ಅಡೋಬಿಯವರು ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಹೊರತಂದಿದ್ದು 2001ರಲ್ಲಿ. ಅದಕ್ಕೆ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಆದರೂ ಕನ್ನಡದ ಎಷ್ಟೋ ಪ್ರೆಸ್ಸುಗಳು ಇವತ್ತಿಗೂ ಅದರ ಮೇಲೇ ಬದುಕಿವೆ. ನುಡಿಯ ಹಳೇ ಫಾಂಟುಗಳು ಅದಕ್ಕೆ ಸರಿಹೊಂದುತ್ತವೆ. ಹೇಗೆ ಅಂದರೆ, ಅಲ್ಲಿ ಕನ್ನಡದ ಅಕ್ಷರ ಅಸಲಿಗೆ ಇರುವುದೇ ಇಲ್ಲ. ‘ಕನ್ನಡ’ ಎಂದು ಹೊಡೆದ ಪದವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ದೊಡ್ಡ ಪಿ, ತಲೆ ಮೇಲೆ ಗೀಟು ಇರುವ ಎ, ಇಂಗ್ಲೆಂಡಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಫೈಲಿನಲ್ಲಿ ಇರುವುದು ಇದು. ಫಾಂಟ್ ಇದರ ಮೇಲೆ ಕನ್ನಡದ ವೇಷ ಹಾಕುತ್ತದೆ, ಅಷ್ಟೆ.

ಆ ಕಾಲಕ್ಕೆ ಇದು ಸರಿಯೇ ಇತ್ತು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ವಿಂಡೋಸ್‌ನಲ್ಲಿ ಅದು ಸರಿಯಾಗಿ ಕಾಣಿಸಿದ್ದು 2001ರ ಎಕ್ಸ್‌ಪಿ ಬಂದ ಮೇಲೆ. ಅಲ್ಲಿವರೆಗೆ ನುಡಿ, ಬರಹ ತಂತ್ರಾಂಶಗಳು ಇಲ್ಲದಿದ್ದರೆ ನಮ್ಮಂಥವರು ಅಂಗಡಿ ತೆಗೆಯುವ ಹಾಗೇ ಇರಲಿಲ್ಲ. ಈಗಿನ ನುಡಿಯಲ್ಲೂ ಯುನಿಕೋಡ್ ಇದೆ. ಆದರೆ ಹಳೇ ಫಾಂಟಿನ ರೂಢಿ ಬಿಟ್ಟುಹೋಗಿಲ್ಲ. ಹಳೇ ಫೈಲನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಸಾದಾ ಪತ್ರವಾದರೆ ಬೇಗ ಆಗುತ್ತದೆ. ಸದಸ್ಯರ ಪಟ್ಟಿಯಾದರೆ ಅರ್ಕಾವತ್ತು ಇರುವ ಹೆಸರನ್ನೆಲ್ಲ ಒಂದೊಂದೇ ಕಣ್ಣಿಟ್ಟು ನೋಡಬೇಕು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡವಾಗಿಬಿಡುತ್ತದೆ!

ಇದಕ್ಕೇ ನನ್ನ ತಕರಾರು ಇರುವುದು. ರಾಜ್ಯ ಸರ್ಕಾರ 2012ರಲ್ಲೇ ಯುನಿಕೋಡ್ ಬಳಸಬೇಕು ಎಂದು ಆದೇಶ ಮಾಡಿದೆ. ಆದರೂ ಮೊನ್ನೆ ಒಂದು ಕಚೇರಿಗೆ ಯುನಿಕೋಡ್‌ನಲ್ಲಿ ಸಿದ್ಧಮಾಡಿದ ಪಟ್ಟಿ ಕಳಿಸಿದರೆ ‘ನಮ್ಮಲ್ಲಿ ಓಪನ್ ಆಗಲ್ಲ, ನುಡಿ ಫಾಂಟಿನಲ್ಲೇ ಕೊಡಿ’ ಎಂದು ವಾಪಸ್ ಬಂತು. ಓಪನ್ ಆಗಿರುತ್ತದೆ, ಅದು ಬೇರೆ ಮಾತು. ಅವರು ಅದನ್ನು ತಮ್ಮ ಹಳೇ ಫೈಲಿಗೆ ಅಂಟಿಸಬೇಕು, ಅಂಟಿಸಿದರೆ ಡಬ್ಬ ಡಬ್ಬ ಬರುತ್ತದೆ. ನಾನು ಸುಮ್ನೆ ವಿಂಡೋಸ್ ಯಂತ್ರದ ಮುಂದೆ ಕೂತು ಮತ್ತೆ ಮಾಡಿಕೊಟ್ಟೆ. ಕಚೇರಿಗಳು ಹೀಗೆ ಹಿಡಿದು ಕೂತರೆ ಅಂಗಡಿಯವನಿಗೆ, ಪಂಚಾಯ್ತಿಗೆ, ಶಾಲೆಗೆ ಆಯ್ಕೆ ಎಲ್ಲಿ ಉಳಿಯಿತು?

ಲಿನಕ್ಸ್ ಕಡೆಯ ಕೊರತೆಯನ್ನೂ ಹೇಳಿಬಿಡುತ್ತೇನೆ. ಗಿರಾಕಿಯ ಬೆರಳಿನ ಗುರುತು ಓದುವ ನನ್ನ ಯಂತ್ರದ ಡಬ್ಬಿಯ ಮೇಲೆ ವಿಂಡೋಸ್, ಆಂಡ್ರಾಯ್ಡ್ ಎಂದಷ್ಟೇ ಇದೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ವಿಂಡೋಸ್‌ಗೇ ಮಾಡಿದ್ದು, ಹಾಗಾಗಿ ಮಂಡಿಯವರಿಗೆ ನಾನು ಲಿನಕ್ಸ್ ಹಾಕಿಕೊಳ್ಳಿ ಎಂದು ಹೇಳುವುದಿಲ್ಲ. ಹಳೇ ಲೇಸರ್ ಪ್ರಿಂಟರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಪೇಜ್‌ಮೇಕರಿಗೆ ಬದಲಿ ಎನ್ನುವ ಸ್ಕ್ರೈಬಸ್‌ನ ಸ್ಥಿರ ಆವೃತ್ತಿಯಲ್ಲಿ ಒತ್ತಕ್ಷರ ನೆಟ್ಟಗೆ ಕೂರಲು 2024ರ 1.6 ಬರಬೇಕಾಯಿತು. ಅದಕ್ಕೆ ನನ್ನ ಕೈ ಇನ್ನೂ ಕೂತಿಲ್ಲ. ಲಗ್ನಪತ್ರಿಕೆಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಪರವಾಗಿಲ್ಲ, ಆದರೆ ಪ್ರೆಸ್ಸಿನವರು ಅಂಥದ್ದೇ ಆದ ಕೋರೆಲ್ ಡ್ರಾದ ಫೈಲೇ ಕೇಳುತ್ತಾರೆ. ತಮಾಷೆ ಏನೆಂದರೆ ಕೋರೆಲ್ ಕಂಪನಿಯೇ 1999ರಲ್ಲಿ ತನ್ನದೊಂದು ಲಿನಕ್ಸ್ ಹೊರತಂದಿತ್ತು. ಮರುವರ್ಷ ಲಿನಕ್ಸ್‌ಗೆ ಕೋರೆಲ್ ಡ್ರಾ ಕೂಡ ಬಂತು. ಆಮೇಲೆ ಕೈಬಿಟ್ಟರು. ಅವರು ಮುಂದುವರಿಸಿದ್ದರೆ ನನ್ನ ಈ ಪತ್ರ ಚಿಕ್ಕದಾಗುತ್ತಿತ್ತು.

ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಏನಾಗಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2025ರ ಜುಲೈನಲ್ಲಿ ನಯಾರಾ ಎನರ್ಜಿ ಎಂಬ ನಮ್ಮ ದೇಶದ ತೈಲ ಕಂಪನಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಕಾರಣ ಐರೋಪ್ಯ ಒಕ್ಕೂಟದ ನಿರ್ಬಂಧ. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಆಮೇಲೆ ಸೇವೆ ವಾಪಸ್ ಬಂತು. ಅಷ್ಟು ದೊಡ್ಡವರಿಗೆ ವಕೀಲರಿದ್ದಾರೆ.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆಧರಿಸಿ ಶಾಲೆಗಳಿಗೆಂದೇ ಒಂದನ್ನು ಸಿದ್ಧಮಾಡಿ ಕೊಡುತ್ತದೆ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಜರ್ಮನಿಯ ಮ್ಯೂನಿಕ್ ನಗರಸಭೆಯೂ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿತ್ತು. ಸುಮಾರು 15 ಸಾವಿರ ಕಂಪ್ಯೂಟರ್ ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೇ ಹೋಗುವುದು ಎಂದಿತು. ಹೊರಗಿನವರ ಜೊತೆ ಫೈಲ್ ಕೊಟ್ಟು ತೆಗೆದುಕೊಳ್ಳುವ ಗೋಳು ಅವರಿಗೂ ಇತ್ತು. ನನ್ನದೂ ಅದೇ ಗೋಳು ತಾನೇ?

ಹಾಗಾಗಿ ಎಲ್ಲರೂ ನಾಳೆಯಿಂದಲೇ ಲಿನಕ್ಸ್ ಹಾಕಿಕೊಳ್ಳಿ ಎಂದು ನಾನು ಕೇಳುವುದಿಲ್ಲ. ಮೊದಲು ಫೈಲಿನ ಕಟ್ಟು ಬಿಚ್ಚಲಿ. ಸರ್ಕಾರಿ ಕಚೇರಿಗಳು ಯುನಿಕೋಡ್ ಫೈಲನ್ನು ವಾಪಸ್ ಕಳಿಸಬಾರದು. ಕಚೇರಿಯಿಂದ ಬರುವ ಅರ್ಜಿ ನಮೂನೆಗಳೂ ಯುನಿಕೋಡ್‌ನಲ್ಲೇ ಇರಲಿ. ಬೆರಳಿನ ಗುರುತು ಓದುವ ಯಂತ್ರಗಳಿಗೆ ಟೆಂಡರ್ ಕರೆಯುವಾಗ ಲಿನಕ್ಸ್‌ನಲ್ಲೂ ನಡೆಯಬೇಕು ಎಂಬ ಒಂದು ಸಾಲು ಸೇರಿಸಿದರೆ ಕಂಪನಿಗಳು ತಾವಾಗಿಯೇ ಮಾಡಿಕೊಡುತ್ತವೆ. ಶಾಲೆಗಳು ಲ್ಯಾಬಿನ ಹಳೇ ಕಂಪ್ಯೂಟರ್ ಹರಾಜು ಹಾಕುವ ಮುಂಚೆ ಒಂದಕ್ಕಾದರೂ ಮಿಂಟ್ ಹಾಕಿ ನೋಡಲಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಳಗಿರುವ ಯಾವುದನ್ನೂ ಅಳಿಸಬೇಕಿಲ್ಲ.

ನಮ್ಮ ಹಾಲಿನ ಸೊಸೈಟಿಯವರು ಈ ಸಲದ ವಾರ್ಷಿಕ ವರದಿ ಯುನಿಕೋಡ್‌ನಲ್ಲೇ ಆಗಲಿ ಎಂದು ಒಪ್ಪಿದ್ದಾರೆ. ಹಳೇ ಸದಸ್ಯರ ಪಟ್ಟಿಯ ಅರ್ಕಾವತ್ತುಗಳನ್ನು ನಾನೇ ತಿದ್ದಬೇಕು. ಅದರ ಮಜೂರಿ ಎಷ್ಟು ಎನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

— ಒಬ್ಬ ಡಿಟಿಪಿ ಅಂಗಡಿಯವ, ತಿಪಟೂರು