ಚಂಡಮಾರುತ ದಾಟಿದ ಮೇಲೆಯೇ ದಂಡೆಗೆ ಗಾಳಿ

ಮಾನ್ಯ ಸಂಪಾದಕರೇ,

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗಲೆಲ್ಲ ಪತ್ರಿಕೆಗಳು ಅದರ ಕೇಂದ್ರ ಸಾಗುವ ದಾರಿಯ ನಕ್ಷೆ ಅಚ್ಚು ಹಾಕುತ್ತವೆ. ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಅಷ್ಟು ಸಾಲದು. ಕೇಂದ್ರ ದೂರದಲ್ಲೇ ಹಾದುಹೋದರೂ ನಮ್ಮ ದಂಡೆಗೆ ಎಷ್ಟು ಗಾಳಿ, ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದು ತಿಳಿಯಬೇಕು. ಇದರ ಅಂದಾಜಿಗೆ ಸುಳಿಯ ಸರಳ ಮಾದರಿಯೊಂದು ಸಾಕು. ಪಿಯುಸಿ ಗಣಿತ ಬಲ್ಲವರು ಮಾಡಬಹುದು.

ರ್‍ಯಾಂಕಿನ್ ಎಂಬ ವಿಜ್ಞಾನಿಯ ಹೆಸರಿನ ಈ ಮಾದರಿಯಲ್ಲಿ ಸುಳಿಯ ನಡುಭಾಗ ಬೀಸುಕಲ್ಲಿನಂತೆ ಇಡಿಯಾಗಿ ತಿರುಗುತ್ತದೆ. ಅದರ ಅಂಚಿನಲ್ಲಿ ಗಾಳಿ ಗರಿಷ್ಠ. ಅಲ್ಲಿಂದಾಚೆ ದೂರ ಇಮ್ಮಡಿಯಾದರೆ ವೇಗ ಅರ್ಧವಾಗುತ್ತದೆ. ಕೇಂದ್ರದಿಂದ 40 ಕಿ.ಮೀ. ದೂರದಲ್ಲಿ ಗಂಟೆಗೆ 120 ಕಿ.ಮೀ. ಗಾಳಿ ಇದೆಯೆನ್ನಿ, 160 ಕಿ.ಮೀ. ದೂರಕ್ಕೆ ಅದು 30 ಆಗಬೇಕು. ಇಲ್ಲೇ ಲೆಕ್ಕ ತಪ್ಪುವುದು. ಒಳಕ್ಕೆ ಸೆಳೆಯಲ್ಪಡುವ ಗಾಳಿ ಕಡಲ ಮೇಲ್ಮೈಗೆ ಉಜ್ಜಿ ತನ್ನ ಕೋನೀಯ ಸಂವೇಗವನ್ನು (ತಿರುಗುವ ಚಲನೆಯ ಪ್ರಮಾಣವನ್ನು) ಕಳೆದುಕೊಳ್ಳುತ್ತ ಬರುವುದರಿಂದ, ನಿಜವಾದ ಚಂಡಮಾರುತದಲ್ಲಿ ದೂರದ ಗಾಳಿ ಅಷ್ಟು ಬೇಗ ಇಳಿಯುವುದಿಲ್ಲ. ದೂರ ಎಷ್ಟು ಪಟ್ಟಾಯಿತೋ ಅದರ ಬದಲು ಅದರ ವರ್ಗಮೂಲದಿಂದ ಭಾಗಿಸಿದರೆ ವಾಸ್ತವಕ್ಕೆ ಹತ್ತಿರವಾಗುತ್ತದೆ: 160 ಕಿ.ಮೀ.ಯಲ್ಲಿ 60. ಮೂವತ್ತೆಂದು ನಂಬಿ ಬೋಟು ಬಿಟ್ಟವರಿಗೆ ಅರವತ್ತು ಎದುರಾದರೆ ಗತಿಯೇನು? ಗರಿಷ್ಠ ಗಾಳಿಯ ತ್ರಿಜ್ಯ, ಅಂದರೆ ಕೇಂದ್ರದಿಂದ ಆ ಅಂಚಿನವರೆಗಿನ ದೂರ, ಗೊತ್ತಿಲ್ಲದಿದ್ದರೆ 40ರ ಬದಲು 30 ಮತ್ತು 60 ಕಿ.ಮೀ. ಎರಡನ್ನೂ ಹಾಕಿ ನೋಡಬೇಕು. ಉತ್ತರ ಸುಮಾರು 52ರಿಂದ 73ರವರೆಗೆ ಬರುತ್ತದೆ. ಆ ಅಂತರವನ್ನೂ ಓದುಗರಿಗೆ ಹೇಳಬೇಕು.

ಉತ್ತರಕ್ಕೆ ಸಾಗುವ ಚಂಡಮಾರುತದ ಬಲಮಗ್ಗುಲು ನಮ್ಮ ಕರಾವಳಿಯ ಕಡೆಗಿರುತ್ತದೆ. ಅಲ್ಲಿ ತಿರುಗುವ ವೇಗದ ಜೊತೆ ಸಾಗುವ ವೇಗದ ಒಂದು ಪಾಲೂ ಸೇರುತ್ತದೆ. ಆದರೆ ಹವಾಮಾನ ಇಲಾಖೆ ಕೊಡುವ ಗರಿಷ್ಠ ವೇಗದಲ್ಲಿ ಇದು ಆಗಲೇ ಸೇರಿರುವುದರಿಂದ ಮತ್ತೆ ಕೂಡಿಸಬಾರದು.

ದಿಕ್ಕಿನ ವಿಷಯ ಇನ್ನೂ ಮುಖ್ಯ. ನಮ್ಮ ಗೋಲಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಕೇಂದ್ರ ಕಾರವಾರದ ನೈಋತ್ಯಕ್ಕಿದ್ದಾಗ ಇಲ್ಲಿ ಗಾಳಿ ಆಗ್ನೇಯದಿಂದ, ಅಂದರೆ ನೆಲದಿಂದ ಕಡಲಿಗೆ. ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ. ವಾಯವ್ಯಕ್ಕೆ ಸರಿದ ಮೇಲೆ ನೈಋತ್ಯದಿಂದ, ನೀರನ್ನು ದಂಡೆಗೆ ಒತ್ತುತ್ತ ಬರುತ್ತದೆ. ಕೇಂದ್ರ ಗೋವೆಯ ಕಡೆ ದಾಟಿತೆಂದು ಕಾರವಾರದ ಬೈತಕೋಲದಲ್ಲೋ ದೇವಬಾಗದಲ್ಲೋ ಬೋಟಿನ ಹಗ್ಗ ಸಡಿಲಿಸುವ ಹೊತ್ತಿಗೇ ಇದು ಶುರುವಾಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೇಂದ್ರ ಎಡಕ್ಕೆ, ತುಸು ಮುಂದಕ್ಕೆ ಇರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಈ ಗುರುತು ಕೆಲಸಕ್ಕೆ ಬರುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ ಗುಜರಾತಿಗೆ ಅಪ್ಪಳಿಸಿತು. ಮೀನುಗಾರಿಕೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ. ಮೇ ತಿಂಗಳಲ್ಲಿ ಬೋಟುಗಳು ಇನ್ನೂ ಕಡಲಲ್ಲೇ ಇರುತ್ತವೆ.

ಸುತ್ತಲಿನ ದೊಡ್ಡ ಗಾಳಿ ಇಲ್ಲದಿದ್ದರೂ ಸುಳಿ ನಿಂತಲ್ಲೇ ನಿಲ್ಲುವುದಿಲ್ಲ. ಭೂಮಿಯ ತಿರುಗುವಿಕೆಯ ಪ್ರಭಾವ ಉತ್ತರಕ್ಕೆ ಹೋದಷ್ಟೂ ಹೆಚ್ಚು. ಸುಳಿಯು ಪಶ್ಚಿಮದಲ್ಲಿ ಉತ್ತರದ ಗಾಳಿಯನ್ನು ದಕ್ಷಿಣಕ್ಕೆ ಎಳೆದು, ಪೂರ್ವದಲ್ಲಿ ದಕ್ಷಿಣದ ಗಾಳಿಯನ್ನು ಉತ್ತರಕ್ಕೆ ಒಯ್ದು, ಅಕ್ಕಪಕ್ಕದಲ್ಲಿ ಎರಡು ದುರ್ಬಲ ಸುತ್ತುಗಳನ್ನು ಹುಟ್ಟಿಸುತ್ತದೆ. ಅವು ಅದನ್ನು ಸೆಕೆಂಡಿಗೆ 1ರಿಂದ 3 ಮೀಟರಿನಂತೆ ವಾಯವ್ಯಕ್ಕೆ ತಳ್ಳುತ್ತವೆ. ಇಂಥ ಮಾದರಿಗಳನ್ನು ಆಟಿಕೆಯೆಂದು ತಳ್ಳಿಹಾಕುವವರಿದ್ದಾರೆ. ಆದರೆ 1950ರಲ್ಲಿ ವಿಜ್ಞಾನಿಗಳಾದ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಕಂಪ್ಯೂಟರಿನಲ್ಲಿ ಮಾಡಿದ ಮೊದಲ ಹವಾಮಾನ ಮುನ್ಸೂಚನೆ ನಿಂತಿದ್ದು ವಾತಾವರಣವನ್ನು ಒಂದೇ ಪದರವೆಂದು ಎಣಿಸುವ ಸುಳಿ ಸಮೀಕರಣದ ಮೇಲೆ.

ಇಂಥ ಲೆಕ್ಕ ಕಲಿಯಲು ಕಾಲೇಜು ವಿದ್ಯಾರ್ಥಿಗಳು ಎರಡು ಬಿಂದು ಸುಳಿಗಳನ್ನು (ಇಡೀ ಬಲ ಒಂದೇ ಬಿಂದುವಿನಲ್ಲಿದೆ ಎಂದು ಎಣಿಸಿದ ಸುಳಿಗಳನ್ನು) ಸ್ಪ್ರೆಡ್‌ಶೀಟಿನಲ್ಲಿ ಓಡಿಸಬಹುದು. ಸಮಬಲದ, ಒಂದೇ ದಿಕ್ಕಿನಲ್ಲಿ ತಿರುಗುವ ಜೋಡಿ ಒಂದನ್ನೊಂದು ಸುತ್ತುತ್ತ ಅದೇ ಅಂತರ ಕಾಯ್ದುಕೊಳ್ಳಬೇಕು. ಕಾಲದ ಪ್ರತಿ ಹೆಜ್ಜೆಯನ್ನೂ ಅದರ ಆರಂಭದ ವೇಗದಿಂದಲೇ ಲೆಕ್ಕ ಹಾಕಿದರೆ ಅವು ಹೊರಕ್ಕೆ ಹರಡುತ್ತ ಹೋಗುತ್ತವೆ. ಅದು ಲೆಕ್ಕದ ದೋಷ, ವಾತಾವರಣದ ಗುಣವಲ್ಲ. ಅರ್ಧ ಹೆಜ್ಜೆಯಲ್ಲಿನ ವೇಗ ಬಳಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಮಳೆಯ ಪ್ರಮಾಣವನ್ನು ಈ ಮಾದರಿಗಳಿಂದ ಕೇಳಬಾರದು. ಘಟ್ಟಕ್ಕೆ ತಾಗಿ ಮೇಲೇರುವ ತೇವದ ಲೆಕ್ಕ ಇವುಗಳಲ್ಲಿಲ್ಲ. ಶಿರಸಿ, ಯಲ್ಲಾಪುರದವರಿಗೆ ಇಲಾಖೆಯ ಮುನ್ಸೂಚನೆಯೇ ಆಧಾರ.

ಆದ್ದರಿಂದ ಮುಂದಿನ ಚಂಡಮಾರುತದ ಸುದ್ದಿಯಲ್ಲಿ ನಕ್ಷೆಯ ಪಕ್ಕದಲ್ಲಿ ಕೇಂದ್ರದ ಅಕ್ಷಾಂಶ-ರೇಖಾಂಶ, ಗರಿಷ್ಠ ಗಾಳಿ, ಸಾಗುವ ದಿಕ್ಕು ಮತ್ತು ವೇಗ, ಇವನ್ನು ಬುಲೆಟಿನ್ ಹೊರಟ ಗಂಟೆಯೊಂದಿಗೆ ಒಂದು ಚಿಕ್ಕ ಚೌಕದಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇವೆ.

– ಭೌತವಿಜ್ಞಾನ ಉಪನ್ಯಾಸಕರು, ಕಾರವಾರ